ನಿಂತದ್ದು ಲೈನೋ, ಮಾತೋ

ಮಲ್ಲೇಶ್ವರದ ಈ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಿಮ್ಮಮ್ಮ ಲ್ಯಾಪ್‌ಟಾಪಿನಲ್ಲಿ ಬೇರೆ ಊರುಗಳ ಮಕ್ಕಳಿಗೆ ಉಗ್ಗದೆ ಮಾತಾಡಲು ಕಲಿಸುವುದನ್ನು ನೀವು ನೋಡಿದ್ದೀರಿ ಮಕ್ಕಳೇ. ಒಂದು ಸಲ ಹಾಸನದ ಕಡೆಯ ಹುಡುಗಿ ಪಾಠ ಸರಿಯಾಗಿಯೇ ಓದುತ್ತಿದ್ದಳು. ತಡೆದದ್ದು ನಮ್ಮ ಇಂಟರ್ನೆಟ್ಟು. ನಿಮ್ಮಮ್ಮನಿಗೆ ಅದು ಗೊತ್ತಾಗದೆ, ಮಗು ಉಗ್ಗಿತೆಂದು ಮತ್ತೆ ಮತ್ತೆ ಹೇಳಿಸಿದಳು. ಹುಡುಗಿ ಬಾಯಿ ಮುಚ್ಚಿದವಳು ತೆರೆಯಲೇ ಇಲ್ಲ. ಆಮೇಲೆ ಕ್ಲಾಸಿಗೂ ಬರಲಿಲ್ಲ. ಕೊನೆಗೆ ಅವಳ ತಾಯಿ, "ಗುರುವಾರ ಒಂದ್ಸಲ ಕೂರಿಸ್ತೀನಿ, ಆಗ್ಲೂ ಹೀಗಾದ್ರೆ ಬೇಡ ಬಿಡಿ," ಅಂದರು.

ಅದಕ್ಕೇ ಆ ಗುರುವಾರ ಬೆಳಿಗ್ಗೆ ಎರಡನೆಯ ಲೈನು ಬಂತು. ಹಳೆಯದು ಬೀದಿಯ ಕಂಬದಿಂದ ಬರುತ್ತಿತ್ತು. ಇದು ಬೇರೆ ಕಂಪನಿಯದು, ಹಿಂದಿನ ಓಣಿಯಿಂದ ಎಳೆದರು. ಎರಡನ್ನೂ ಫೈರ್‌ವಾಲ್ ಅನ್ನುವ ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿದರು. ಹೊರಗಿನ ಕಂಡಕಂಡವರು ನುಗ್ಗದಂತೆ ಅದು ಕಾಯುತ್ತದಂತೆ. ಒಂದು ಲೈನು ಹೋದರೆ ಇನ್ನೊಂದಕ್ಕೆ ತಾನೇ ದಾಟುತ್ತದಂತೆ.

"ದಾಟೋವಾಗ ಒಂಚೂರು ತಡೆಯುತ್ತೆ ಮೇಡಂ, ಆಗ ಈ ದೀಪ ಕೆಂಪಾಗುತ್ತೆ," ಅಂದರು ಜೋಡಿಸಲು ಬಂದವರು. "ಯಾರಾದ್ರೂ ಬಿಡದೆ ಮಾತಾಡ್ತಿದ್ರೆ ಈಗ್ಲೇ ಒಂದು ಲೈನು ಕಿತ್ತು ನೋಡ್ಬಹುದು."

ಮನೆಯಲ್ಲಿ ಇನ್ಯಾರಿದ್ದಾರೆ? ನಾನೇ. ನಿಮ್ಮ ತಾತ ಇದ್ದಷ್ಟು ದಿನ ಫೋನು ಬಂದರೆ ಅವರೇ ಎತ್ತುತ್ತಿದ್ದರು. ನೆಂಟರ ಮನೆಯಲ್ಲಿ ನೀರು ಬೇಕೆಂದೂ ನಾನು ಕೇಳಿದವಳಲ್ಲ. ನನ್ನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ನಿಮ್ಮಮ್ಮ ಆ ಕಡೆಯಿಂದ ಕೇಳಲು ಮೊಬೈಲ್ ಹಿಡಿದು ಮಹಡಿಗೆ ಹೋದಳು.

"ಹುರುಳಿ ಸಾರು ಮಾಡೋದು ಹೇಳಿ ಅತ್ತೆ."

"ಹುರುಳೀನ ನೆನೆಹಾಕಿ..." ಅಂದೆ. ಜೋಡಿಸಲು ಬಂದವರು ವೈರಿಗೆ ಕೈ ಹಾಕಿದ್ದು ಕಂಡು ಮಾತು ಬಿಟ್ಟು ಸೆರಗು ಸರಿಮಾಡಿಕೊಂಡೆ.

"ಏನ್ರೀ, ನಿಂತೇ ಹೋಯ್ತಲ್ಲ!" ಮಹಡಿಯಿಂದ ಕೂಗು.

"ನಾನಿನ್ನೂ ಕಿತ್ತಿಲ್ಲ ಮೇಡಂ. ನಿಂತಿದ್ದು ಅಮ್ಮನ ಮಾತು."

"ಅತ್ತೇ, ಅವರು ಹೆಣ್ಣು ನೋಡೋಕೆ ಬಂದಿಲ್ಲ! ನಾಚ್ಕೋಬೇಡಿ!"

ನಗು ಬಂತು. ನಗುತ್ತ, ಮಾತಿನಲ್ಲೇ ಸಾರಿಗೆ ಒಗ್ಗರಣೆ ಹಾಕಿ ಮುದ್ದೆಗೆ ಎಸರಿಟ್ಟೆ. ಅವರು ಹಳೆಯ ಲೈನು ಕಿತ್ತರು. ದೀಪ ಕೆಂಪಾಗಿ, ಮತ್ತೆ ಹಸಿರಾಯಿತು. ನನ್ನ ಮಾತು ನಿಮ್ಮಮ್ಮನಿಗೆ ಒಂದು ಕ್ಷಣ ತಪ್ಪಿ ಮತ್ತೆ ಕೇಳಿಸಿತಂತೆ.

ಸಂಜೆ ಆ ಹುಡುಗಿ ಲ್ಯಾಪ್‌ಟಾಪ್ ತೆರೆಯ ಮೇಲೆ ಬಂದು ಕೂತಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮೊದಲು ಅವಳು ಒಂದು ಪದದಲ್ಲಿ ಸಿಕ್ಕಿಕೊಂಡಳು. ನಿಮ್ಮಮ್ಮ ದೀಪ ನೋಡಿದಳು, ಹಸಿರು. ಮತ್ತೆ ಹೇಳಿಸದೆ ಕಾದಳು. ಮಗು ತಾನೇ ಮುಗಿಸಿತು. ಸ್ವಲ್ಪ ಹೊತ್ತಿಗೆ ಚಿತ್ರ ನಿಂತಿತು. ದೀಪ ಕೆಂಪಾಗಿತ್ತು. ಚಿತ್ರ ಮತ್ತೆ ಬಂದಾಗ ನಿಮ್ಮಮ್ಮ, "ಈಗ ತಡೆದಿದ್ದು ನಮ್ಮ ಲೈನು ಪುಟ್ಟಿ, ನೀನಲ್ಲ," ಅಂದಳು.

ಹುಡುಗಿ ಕಣ್ಣರಳಿಸಿ ಕೇಳಿದಳು: "ನಿ... ನಿಮ್ಮ ಲೈನೂ ಉಗ್ಗುತ್ತಾ ಮಿಸ್?"

ಅವಳ ಹಿಂದೆ ಕೂತಿದ್ದ ತಾಯಿ ನಕ್ಕುಬಿಟ್ಟರು. ಹುಡುಗಿ ಪುಸ್ತಕದ ಮುಂದಿನ ಪುಟ ತಿರುವಿದಳು.