ಕೊನೆಯ ಗರಿಯ ಹೆಬ್ಬೆರಳು

ಇದರಾಗ ಒಂದು ಅಕ್ಷರ ಸುಳ್ಳಿದ್ರೂ ನನ್ನ ಮೀಸಿ ಬೋಳಿಸ್ರಿ.

ರಾಯಚೂರಿನ ಗ್ರಂಥಾಲಯವೊಂದರಲ್ಲಿ ತತ್ವಪದಗಳ ತಾಳೆಗರಿ ಕಟ್ಟೊಂದಿದೆ. ಅದನ್ನು ಬರೆದವನು ನಮ್ಮ ಮನೆತನದ ಮುತ್ಯಾ ಎಂದು ನಾನು ನಮ್ಮೂರು ಮಾನ್ವಿ ತುಂಬ ಹೇಳಿಕೊಂಡು ತಿರುಗಿದ್ದೆ. ಮಂದಿ ಪುರಾವೆ ಕೇಳಿದರು. ಬರೆದವರ ಹೆಸರು ಕೊನೆಯ ಗರಿಯಲ್ಲಿರುತ್ತದಲ್ಲ, ಅದರ ಡಿಜಿಟಲ್ ಪ್ರತಿಗೆ ಅರ್ಜಿ ಹಾಕಿದೆ. ಮೊಬೈಲಿಗೆ ಪ್ರತಿಯೇನೋ ಬಂತು. ಆದರೆ ಹೆಸರಿನ ಮೇಲೇ ಯಾರದೋ ಮಸಿ ಹತ್ತಿದ ಹೆಬ್ಬೆರಳು!

ಸಿಟ್ಟಿನಿಂದ ರಾಯಚೂರಿಗೇ ಹೋದೆ.

"ಮೇಡಂ, ಬೆರಳು ತೆಗೆದು ಸ್ಕ್ಯಾನ್ ಮಾಡ್ರಿ."

"ಗರಿ ಯಾರೂ ಹಿಡಿಯಂಗಿಲ್ರೀ ಯಪ್ಪಾ. ಗಾಜಿನ ಕೆಳಗ ಇಡ್ತೀವಿ," ಎಂದರು ಗ್ರಂಥಪಾಲಕಿ.

ನನ್ನ ಎದುರಿಗೇ ಮತ್ತೆ ಮಾಡಿದರು. ಗಾಜಿನ ಕೆಳಗೆ ಗರಿಯೊಂದೇ ಇತ್ತು. ಪರದೆಯ ಮೇಲೆ ಅದೇ ಹೆಬ್ಬೆರಳು, ಉಗುರು ಮಾತ್ರ ತುಸು ಬೆಳೆದಿತ್ತು.

ನನ್ನ ಎದೆಗಾರಿಕೆ ಕೇಳಬೇಕೆ? "ಮುತ್ಯಾ, ಹೆಸರು ಕಾಣವಲ್ದು, ಬೆರಳು ತುಸು ಸರಸು," ಎಂದೆ.

"ಯಾರ ಕೂಡ ಮಾತಾಡಾಕತ್ತೀರಿ?" ಎನ್ನುತ್ತ ಆಕೆ ಗೋಡೆಗೆ ಆತು ನಿಂತರು.

ಮುಂದಿನ ಸ್ಕ್ಯಾನಿನಲ್ಲಿ ಬೆರಳು ಬದಿಗೆ ಸರಿದಿತ್ತು. ಹೆಸರು ಕಂಡಿತು. ನಮ್ಮ ಮುತ್ಯಾನದೇ!

ಒಂದು ಸಣ್ಣ ಸಂಗತಿ ನಾನೇ ಕಟ್ಟಿದ್ದು. ಬೆರಳು ಖರೆ, ಸರಿದದ್ದೂ ಖರೆ. ಅಲ್ಲಿದ್ದ ಹೆಸರು ಮಾತ್ರ ದೇವದುರ್ಗದ ಯಾರದೋ.