ನೆಲಕ್ಕೆ ಇಳಿಸದ ಗಾಲಿಗಳು

ಆಳಂದದ ಬಜಾರಿನಲ್ಲಿ ಟ್ರಂಕು ಕೊಳ್ಳುವವರು ಮೊದಲು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಮನೆಯಲ್ಲಿ ದಪ್ಪ ಮೈಯವರು ಯಾರಿದ್ದರೋ ಅವರನ್ನು ಅದಕ್ಕೆಂದೇ ಕರೆತರುತ್ತಿದ್ದರು. ತಗಡು ತಗ್ಗದಿದ್ದರೆ ಮಾಲು ಗಟ್ಟಿ. ಆಮೇಲೆ ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು, ಕೊಂಡಿ ಹಾಕಿ ತೆಗೆದು ನೋಡುವುದು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗಾಲಿಯ ಸೂಟ್‌ಕೇಸು ನಮ್ಮ ಕಡೆ ಬಂದಾಗ ಅದನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿದೆವು. ಹತ್ತಿ ನಿಂತವನು ನಾನು.

ಕೊಂಡದ್ದು ಅಕ್ಕನಿಗಾಗಿ. ಅವಳು ಜೇವರ್ಗಿಯಲ್ಲಿ ಹೈಸ್ಕೂಲು ಶಿಕ್ಷಕಿ; ಒಬ್ಬಳೇ ಮನೆ ಮಾಡಿಕೊಂಡಿದ್ದಳು. ಅದರ ಹಿಂದಿನ ವರ್ಷ ಸೊಲ್ಲಾಪುರದಲ್ಲಿ ಅವಳ ಬೆನ್ನಿನ ಆಪರೇಷನ್ ಆಗಿತ್ತು. ಇನ್ನು ಮೇಲೆ ಭಾರ ಎತ್ತಕೂಡದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದಿನಿಂದ ನೀರಿನ ಕೊಡ ಪಕ್ಕದ ಮನೆಯವರ ಪಾಲಾಯಿತು, ಸಂತೆಯ ಚೀಲ ವಿದ್ಯಾರ್ಥಿನಿಯರ ಪಾಲಾಯಿತು. ಪರ ಊರಿಗೆ ಹೋಗಬೇಕೆಂದರೆ ಯಾರದಾದರೂ ಬಿಡುವು ಕಾಯಬೇಕು. ಹೆಚ್ಚಿನ ಸಲ ಅದು ನನ್ನ ಬಿಡುವು. ನಾನು ಗುಲಬರ್ಗಾದ ಒಂದು ಪತ್ರಿಕೆಯಲ್ಲಿ ವರದಿಗಾರ. ಆಳಂದ, ಅಫಜಲಪುರ, ಜೇವರ್ಗಿ ನನ್ನ ಸುತ್ತಾಟದ ತಾಲ್ಲೂಕುಗಳು. ನನ್ನ ಬಿಡುವಿಗೆ ಭರವಸೆ ಇರಲಿಲ್ಲ.

ಮೈಸೂರಿನಲ್ಲಿ ಒಂದು ತಿಂಗಳ ತರಬೇತಿಗೆ ಅವಳ ಹೆಸರು ಬಂತು. ಆರೋಗ್ಯ ಸರಿಯಿಲ್ಲವೆಂದು ಬೇರೆಯವರನ್ನು ಕಳಿಸುವ ಮಾತು ಶಾಲೆಯಲ್ಲಿ ನಡೆಯಿತು. ಅಕ್ಕ ತಾನು ಹೋಗುವುದೇ ಸೈ ಎಂದಳು. ಬಿಟ್ಟು ಬರಲು ನಾನು ತಯಾರಾದೆ. ಅದೂ ಅವಳಿಗೆ ಒಪ್ಪಿಗೆಯಾಗಲಿಲ್ಲ.

"ನೀ ಬಿಟ್ಟು ಬರೋದು, ಮತ್ತ ನೀನೇ ಕರಕೊಂಡು ಬರೋದು ಅಂದ್ರ ನಾ ಏನು ಪಾರ್ಸಲ್ಲೇನೋ? ಗಾಲಿ ಚೀಲ ಬಂದಾವಂತ. ಒಂದು ಕೊಡಸು. ಎಳಕೊಂಡು ಹೋಗ್ತೇನಿ."

ಆಳಂದದ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತ ಗೆಳೆಯ ಬಜಾರಿನಲ್ಲಿ ಟ್ರಂಕು, ಚೀಲಗಳ ಅಂಗಡಿ ಇಟ್ಟಿದ್ದ. ಮೊದಲು ನಾನೊಬ್ಬನೇ ಹೋಗಿ ವಿಷಯ ತಿಳಿಸಿದೆ. ಆಪರೇಷನ್ನಿನ ಸುದ್ದಿ, ಅವಳು ಒಬ್ಬಳೇ ಹೋಗುತ್ತಿರುವುದು, ಬೆಂಗಳೂರಿನಲ್ಲಿ ಗಾಡಿ ಬದಲಿಸಬೇಕಾದದ್ದು, ಎಲ್ಲವನ್ನೂ ಹೇಳಿದೆ. ನಿಮ್ಮಕ್ಕ ಅಂದರೆ ನಮ್ಮಕ್ಕ ಅಲ್ಲವೇ, ಕರೆದುಕೊಂಡು ಬಾ ಎಂದ.

ಅಕ್ಕನನ್ನು ಕರೆದುಕೊಂಡು ಹೋದ ದಿನ ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಗೆಳೆಯ ಚಹಾ ತರಿಸಿದ. ಕಂದು ಬಣ್ಣದ, ರೈಲಿನ ಸೀಟಿನ ಕೆಳಗೆ ಹಿಡಿಯುವಷ್ಟು ಗಾತ್ರದ ಸೂಟ್‌ಕೇಸನ್ನು ಗಾದಿಯ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ. ನಾನು ಚಪ್ಪಲಿ ಕಳಚಿ ಹತ್ತಿ ನಿಂತೆ. ಜಗ್ಗಲಿಲ್ಲ. ಚೈನನ್ನು ಹಿಂದೆ ಮುಂದೆ ಎಳೆದೆ, ಹೊಲಿಗೆ ನೋಡಿದೆ, ಹಿಡಿಕೆಯನ್ನು ಎಳೆದು ಒಳಗೆ ದೂಡಿದೆ. ಪೇಪರಿನವರೇ ಹತ್ತಿ ನಿಂತರೆಂದು ಗೆಳೆಯ ಉಳಿದವರಿಗೆ ಕೇಳುವಂತೆ ನಕ್ಕ.

ಅಕ್ಕನಿಗೆ ಮಾತ್ರ ಅದನ್ನು ಎಳೆದು ನೋಡುವ ಆಸೆ. ಗಾದಿಯಿಂದ ಇಳಿಸಲು ನನಗೆ ಸನ್ನೆ ಮಾಡಿದಳು. ಗೆಳೆಯ ಕೈ ಅಡ್ಡ ಹಿಡಿದ.

"ಅಕ್ಕಾ, ಹೊಸಾದು ಅದರಿ. ಬಜಾರದ ಮಣ್ಣಿಗಿ ಹಚ್ಚಬ್ಯಾಡ್ರಿ. ಮನ್ಯಾಗ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡ್ರಿ. ಊರಿಗಿ ಹೋಗೋ ದಿನಾನೇ ನೆಲಕ್ಕ ಇಳಸ್ರಿ."

ನಮ್ಮಲ್ಲಿ ಇದು ಹೊಸ ಮಾತಲ್ಲ. ಹೊಸ ಕೊಡವಿರಲಿ ಸೈಕಲ್ಲಿರಲಿ, ಪೂಜೆಗೆ ಮೊದಲು ಬಳಸುತ್ತಿರಲಿಲ್ಲ. ಅಕ್ಕ ಕೈ ಹಿಂದೆ ತೆಗೆದುಕೊಂಡಳು. ಗಾಲಿಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಲಿಲ್ಲ. ಅಂಗಡಿಯ ಆಳು ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ತಂದುಕೊಟ್ಟ. ಜೇವರ್ಗಿಯಲ್ಲಿ ಅದು ದೇವರ ಮಾಡದ ಪಕ್ಕ ಒಂದು ಚೌಕಿಯ ಮೇಲೆ ಕೂತಿತು. ಹೊರಡುವ ದಿನ ಗುಲಬರ್ಗಾ ಸ್ಟೇಷನ್ನಿನಲ್ಲಿ ನಾನು ಅದನ್ನು ರೈಲಿನ ಡಬ್ಬಿಯೊಳಗೆ ಎತ್ತಿ ಇಟ್ಟೆ. ಹಾಗಾಗಿ ಆ ಗಾಲಿಗಳು ಮೊದಲು ನೆಲ ಕಂಡದ್ದು ಬೆಂಗಳೂರಿನಲ್ಲಿ.

ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಂತೆ ಬರೆಯುತ್ತಿದ್ದೇನೆ. ಇಳಿದವರೊಬ್ಬರು ಸೂಟ್‌ಕೇಸು ಕೆಳಗಿಳಿಸಿಕೊಟ್ಟರು. ಪ್ಲಾಸ್ಟಿಕ್ಕು ಬಿಚ್ಚಿ, ಹಿಡಿಕೆ ಹೊರಗೆಳೆದು, ಪ್ಲಾಟ್‌ಫಾರ್ಮಿನ ಮೇಲೆ ಎಳೆಯತೊಡಗಿದಳು. ಸ್ವಲ್ಪ ದೂರ ಚೆನ್ನಾಗಿಯೇ ಬಂತು. ಖುಷಿಯಾಯಿತಂತೆ. ಆಮೇಲೆ ಒಂದು ಗಾಲಿ ಬೇರಾಗಿ ಹಳಿಯ ಕಡೆ ಉರುಳಿತು. ಮತ್ತೊಂದು ವಾಲಿ ನಿಂತಿತು. ಕೂಲಿಗಳೆಲ್ಲ ಆಗಷ್ಟೇ ಬಂದ ಇನ್ನೊಂದು ಗಾಡಿಯತ್ತ ಓಡಿದ್ದರು. ಮೈಸೂರಿನ ಗಾಡಿ ಹೊರಡುವ ಹೊತ್ತು. ಅಕ್ಕ ಸೂಟ್‌ಕೇಸನ್ನು ಎತ್ತಿದಳು. ಮೆಟ್ಟಿಲವರೆಗೆ ಹೋಗಿ ಅಲ್ಲೇ ಕೂತಳು, ಮತ್ತೆ ಏಳಲಾಗಲಿಲ್ಲ.

ಪತ್ರಿಕೆಯ ಕಚೇರಿಗೆ ಫೋನು ಬಂದು ನಾನು ಹೋದಾಗ ಅವಳು ಆಸ್ಪತ್ರೆಯಲ್ಲಿದ್ದಳು. ತರಬೇತಿ ತಪ್ಪಿತು. ರೈಲಿನಲ್ಲಿ ಮಲಗಿಸಿಕೊಂಡೇ ಕರೆತಂದೆ. ಸೂಟ್‌ಕೇಸನ್ನು ಬೋರಲು ಹಾಕಿ ನೋಡಿದೆ. ಗಾಲಿ ಕೂರುವ ಜಾಗದಲ್ಲಿ ಸ್ಕ್ರೂ ಇರಲಿಲ್ಲ, ಅಂಟಿನ ಹಳದಿ ಕಲೆ ಇತ್ತು. ಮೋಸ ಮಾಡಿದ್ದು ತಯಾರಿಸಿದವರು ಎಂದುಕೊಂಡೆ. ಕಳಪೆ ಮಾಲಿನ ಬಗ್ಗೆ ಒಂದು ಸುದ್ದಿ ಬರೆದೆ, ಸಂಪಾದಕರಿಗೆ ಕೊಡಲಿಲ್ಲ. ಆಳಂದದಲ್ಲಿ ಅಂಥ ಮಾಲು ಮಾರುವ ಅಂಗಡಿ ಅದೊಂದೇ. ಗೆಳೆಯನ ವ್ಯಾಪಾರ ಕೆಡುವುದು ಬೇಡವಾಗಿತ್ತು.

ಕೆಲವು ವಾರಗಳ ನಂತರ ಅಫಜಲಪುರಕ್ಕೆ ಹೋಗಿದ್ದೆ. ಅಲ್ಲಿನ ಒಬ್ಬ ಬಟ್ಟೆ ವ್ಯಾಪಾರಿ ಹಜ್‌ಗೆ ಹೊರಟಿದ್ದರು. ವಯಸ್ಸಾದ ಮುಸ್ಲಿಂ ಯಜಮಾನರು, ನನಗೆ ಹಳೆಯ ಪರಿಚಯ. ಪ್ರಯಾಣದ ಸಾಮಾನಿನ ಮಾತು ಬಂದು, ಗಾಲಿಯ ಚೀಲ ಕೊಂಡಿರಾ ಎಂದು ಕೇಳಿದೆ. ಆಳಂದಕ್ಕೆ ಹೋಗಿದ್ದೆ, ಆದರೆ ಅಂಗಡಿಯವರೇ ಬೇಡವೆಂದರು ಎಂದರು. ಅಂಗಡಿಯವರು ಯಾರೆಂದು ಕೇಳಿದೆ. ನನ್ನ ಗೆಳೆಯನೇ.

"ಭಲೇ ಇಮಾನದಾರ ಮನುಷ್ಯಾರಿ ಸಾಹೇಬ್ರ. ನನ್ನ ಎದುರಿಗೇ ಫರಸಿ ನೆಲದ ಮ್ಯಾಲ ಎಳದು ತೋರಿಸಿದ್ರು. ಗಾಲಿ ಕಿತ್ತು ಬಂತು. ಚಾಚಾ, ಈ ಸಲದ ಮಾಲು ಖರಾಬ್ ಅದ, ನೀವು ದೂರ ಹೋಗವರು, ಹೈದರಾಬಾದನ್ಯಾಗ ತೊಗೋರಿ ಅಂದ್ರು."

ಯಾವಾಗ ಎಂದು ಕೇಳಿದೆ. ನಾವು ಕೊಳ್ಳುವುದಕ್ಕೂ ಮುಂಚೆ. ಆ ಯಜಮಾನರು ಇನ್ನೂ ಅವನನ್ನು ಹೊಗಳುತ್ತಿದ್ದರು. ನಾನು ಹೌದೆನ್ನುತ್ತ ಕೂತೆ.

ಅಲ್ಲಿಂದ ನೇರ ಆಳಂದಕ್ಕೆ ಹೋದೆ. ಅಂಗಡಿಯಲ್ಲಿ ಗೆಳೆಯ ಒಬ್ಬನೇ ಇದ್ದ. ಆ ಮಾದರಿಯ ಸೂಟ್‌ಕೇಸು ಒಂದೂ ಉಳಿದಿರಲಿಲ್ಲ. ಕೇಳಿ ಬಂದದ್ದನ್ನು ಅವನ ಮುಂದಿಟ್ಟೆ. ಅವನು ಅಲ್ಲಗಳೆಯಲಿಲ್ಲ. ಎಲ್ಲ ಮಾರಿ ಹೋದವು, ಒಬ್ಬರೂ ತಕರಾರು ತರಲಿಲ್ಲ ಎಂದ.

"ನಮ್ಮ ಕಡಿ ಅದನ್ನ ಯಾರು ಎಳೀತಾರಲೇ? ಹೊತಗೊಂಡು ಹೋಗ್ತಾರ, ಅಲಮಾರಿ ಮ್ಯಾಲ ಇಡ್ತಾರ. ಅಷ್ಟ."

"ಅಕ್ಕ ಎಳೀತಾಳ ಅಂತ ಹೇಳಿದ್ದೆ. ಯಾಕ ಎಳೀತಾಳ ಅಂತನೂ ಹೇಳಿದ್ದೆ."

ಅವನು ಗಾದಿಯ ಮೇಲಿನ ಬಟ್ಟೆಯ ಸುಕ್ಕು ತಿದ್ದಿದ.

"ಪೇಪರ್‌ನವರು ತೊಗೊಂಡ್ರು ಅಂದ್ರ ಮಂದಿ ನಂಬ್ತಾರಪ. ಅವತ್ತು ಅಂಗಡ್ಯಾಗ ಗಿರಾಕಿ ಇದ್ರು. ಅಕ್ಕಗ ಇಷ್ಟಾಗ್ತದಂತ ನನಗೇನು ಗೊತ್ತು?"

ಬೇರೆ ಒಳ್ಳೆಯದು ಕೊಡುತ್ತೇನೆ ಎಂದು ಒಳಗೆ ಹೋದ. ಅವನು ಹೊರಗೆ ಬರುವ ಮುಂಚೆ ನಾನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದೆ. ಆ ಅಂಗಡಿಗೆ ಮತ್ತೆ ಹೋಗಲಿಲ್ಲ. ತಡೆದಿಟ್ಟ ಸುದ್ದಿಯನ್ನು ಆಮೇಲೆ ಕೊಟ್ಟೆ, ಅಂಗಡಿಯ ಹೆಸರಿಲ್ಲದೆ. ಒಳಪುಟದಲ್ಲಿ ಬಂತು. ಅಷ್ಟರಲ್ಲಿ ಆ ಮಾಲು ಮನೆಮನೆಯ ಅಲಮಾರಿ ಸೇರಿಯಾಗಿತ್ತು.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಗಾದಿಯಿಂದ ಇಳಿಸಬೇಡಿ ಎಂದು ಕೈ ಅಡ್ಡ ಹಿಡಿದಾಗಲೂ ಅವನಿಗೆ ಗೊತ್ತಿತ್ತೇ ಎಂದು ಮಾತ್ರ ಕೇಳಿದಳು. ಗೊತ್ತಿತ್ತು ಎಂದೆ. ತಾನು ಅವನಿಗೆ ಅದಕ್ಕಾಗಿ ಥ್ಯಾಂಕ್ಸ್ ಕೂಡ ಹೇಳಿದ್ದೆನಲ್ಲ ಎಂದಳು. ಅದು ನನಗೆ ನೆನಪಿರಲಿಲ್ಲ.

ಬೆನ್ನು ಮೊದಲಿನ ಸ್ಥಿತಿಗೆ ಬರಲು ಬಹಳ ತಿಂಗಳು ಹಿಡಿಯಿತು. ಸೊಲ್ಲಾಪುರದಿಂದ ನಾನು ಇನ್ನೊಂದು ಗಾಲಿಯ ಸೂಟ್‌ಕೇಸು ತಂದೆ. ಕಲ್ಲು ತುಂಬಿಸಿ ಅಂಗಡಿಯ ಮುಂದಿನ ರಸ್ತೆಯಲ್ಲೇ ಎಳೆದಾಡಿ ನೋಡಿ ತಂದೆ. ಅದು ಗಟ್ಟಿಯಾಗಿತ್ತು. ಮರು ವರ್ಷ ತರಬೇತಿಗೆ ಮತ್ತೆ ಅವಳ ಹೆಸರು ಬಂತು. ಅವಳು ಹೊಸ ಸೂಟ್‌ಕೇಸಿನಲ್ಲಿ ಬಟ್ಟೆ ಜೋಡಿಸಿದಳು, ಚೈನು ಎಳೆದಳು, ಆಮೇಲೆ ನನಗೆ ಎಷ್ಟು ದಿನ ರಜೆ ಸಿಗುತ್ತದೆ ಎಂದು ಕೇಳಿದಳು.