ಬಂಡೆಪ್ಪ ಕೈಯಿಟ್ಟ ಕಲ್ಲು

ಬೆಳಕು ಈಗಷ್ಟೇ ಹರಿದಿದೆ. ಹೈದರಾಬಾದಿನ ಮೀನಾಲಯವೊಂದರಲ್ಲಿ ಬಂಡೆಪ್ಪ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಿದ್ದಾರೆ. ಜನ ಬರುವ ಮೊದಲು ದೊಡ್ಡ ಗಾಜಿನ ತೊಟ್ಟಿಗಿಳಿದು ಪಾಚಿ ಉಜ್ಜುವುದು ಅವರ ಕೆಲಸ. ಕೈಗೆ ಗಾಯವಾದ ಮೇಲೆ ಇಳಿಯುತ್ತಿರುವುದು ಇದೇ ಮೊದಲು. ಹೆಂಡತಿ ಗುಂಡಮ್ಮ ಸನತ್‌ನಗರದ ಮನೆಯಿಂದ ಕಾವಲಿಗೆ ಬಂದಿದ್ದಾರೆ. “ಇವತ್ತ ನೆಲಾ ಮುಟ್ಟಿದ್ರ ನಾಳಿಂದ ಕಳಸೂದಿಲ್ಲ ಅಂತ ಹೇಳೀನ್ರಿ” ಎನ್ನುತ್ತಾರೆ.

ಗಾಜಿನ ಹೊರಗೆ ನಿಂತ ನನಗೆ ತೊಟ್ಟಿಯ ನೆಲದಲ್ಲಿ ಕಾಣುವುದು ಪಾಚಿ ಹಿಡಿದ ಚಪ್ಪಟೆ ಕಲ್ಲು. ಅದರ ಅಂಚಿನಲ್ಲಿ ಮರಿಮೀನೊಂದು ಆಡುತ್ತಿದೆ. ಅದನ್ನು ನೋಡಿ ಇನ್ನೊಂದು ಮೀನು ಹತ್ತಿರ ಬರುತ್ತದೆ. ಕಲ್ಲು ಬಾಯಿ ತೆರೆಯುತ್ತದೆ. ಬಂದ ಮೀನು ಇಲ್ಲ.

ಅದು ವೊಬೆಗಾಂಗ್ ಎಂಬ ಶಾರ್ಕ್. ನಾನು ಮರಿಮೀನು ಅಂದುಕೊಂಡದ್ದು ಅದರದೇ ಬಾಲದ ತುದಿ. ಪಾಚಿ ಅಂದುಕೊಂಡದ್ದು ಬಾಯಿಯ ಸುತ್ತಲಿನ ಚರ್ಮದ ಜಾಲರಿ. ಉಸಿರಾಡಲು ಅದು ಈಜಬೇಕಾಗಿಲ್ಲ. ಕಣ್ಣಿನ ಹಿಂದಿನ ತೂತುಗಳಿಂದ ನೀರೆಳೆದುಕೊಂಡು ಹಗಲೆಲ್ಲ ತಳದಲ್ಲೇ ಬಿದ್ದಿರುತ್ತದೆ. ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ. ಇಂಥದ್ದರ ಮೇಲೆ ಬಂಡೆಪ್ಪ ಅಂಗೈ ಊರಿದ್ದರು ಎಂದರೆ ನಂಬಲಿಕ್ಕೇ ಆಗುವುದಿಲ್ಲ.

ಮೊದಲು ಅವರು ಯಾದಗಿರಿ ಕಡೆ ಬಾವಿಗಳ ಹೂಳು ತೆಗೆಯುತ್ತಿದ್ದವರು. ತಳ ಮುಟ್ಟಿದ ಕೂಡಲೇ ಅಂಗೈ ಊರಿ, ಹಣೆಗೊತ್ತಿಕೊಂಡು, ನೀರಿನ ತಾಯಿ ಗಂಗವ್ವನಿಗೆ ನಮಸ್ಕರಿಸದೆ ಕೆಲಸಕ್ಕೆ ಕೈ ಹಾಕಿದವರಲ್ಲ. ಇಲ್ಲಿಯೂ ಆ ರೂಢಿ ಬಿಡಲಿಲ್ಲ.

“ಹೊಸಾ ಶಾರ್ಕ್ ಬಂದೈತಿ ಅಂದಿದ್ರು. ಈಜಾಡತಿರತೈತಿ ಅಂತ ನಾ ಮ್ಯಾಲ ನೋಡಾಕತ್ತಿದ್ದೆ. ಕೆಳಗ ಕಲ್ಲಿಗೆ ಕೈ ಹಚ್ಚಿದೆ. ಕಲ್ಲ ಹೊಳ್ಳಿ ಕೈ ಹಿಡೀತರಿ. ಜಗ್ಗಿದ್ರ ಬೆರಳ ಹೋಗತಿದ್ವು. ಅದು ಬಿಡೂತನಕ ಸುಮ್ನ ಕುಂತೆ” ಎನ್ನುತ್ತಾರೆ ಬಂಡೆಪ್ಪ. ಎರಡು ಬೆರಳು ಇನ್ನೂ ಜೋಮು ಹಿಡಿದಂತೆಯೇ ಇವೆ. ಸಿಟ್ಟು ಮಾತ್ರ ಇಲ್ಲ. “ತಪ್ಪು ನಂದರಿ. ಮಲಗಿದ್ದರ ಮ್ಯಾಲ ಕೈ ಇಟ್ಟೆ.”

ಅಷ್ಟು ಹೇಳಿ ಮುಖಕ್ಕೆ ಡೈವಿಂಗ್ ಮಾಸ್ಕ್ ಏರಿಸಿ ಇಳಿಯುತ್ತಾರೆ. ಗುಂಡಮ್ಮ ಗಾಜಿಗೆ ಮುಖ ಹಚ್ಚಿ ನಿಲ್ಲುತ್ತಾರೆ. ಬಂಡೆಪ್ಪ ತಳ ಸೇರುತ್ತಲೇ ಬಲಗೈ ತಾನಾಗಿ ಕೆಳಗೆ ಹೋಗುತ್ತದೆ. ಶಾರ್ಕ್ ಪಕ್ಕದಲ್ಲೇ ಇದೆ. ಕೈ ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಅವರು ಬ್ರಷ್ ಮುಟ್ಟುವುದಿಲ್ಲ. ಹೆಂಡತಿಯನ್ನು ನೋಡುತ್ತಾ ಹಾಗೇ ನಿಂತುಬಿಡುತ್ತಾರೆ.

ಗುಂಡಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು, ಕುಕ್ಕರಗಾಲಲ್ಲಿ ಕೂತು, ಗಾಜಿನ ಬುಡದ ಟೈಲ್ಸ್ ಮೇಲೆ ಅಂಗೈ ಊರಿ ಹಣೆಗೊತ್ತಿಕೊಳ್ಳುತ್ತಾರೆ.

ಒಳಗೆ ಬಂಡೆಪ್ಪ ಬ್ರಷ್ ಎತ್ತಿಕೊಳ್ಳುತ್ತಾರೆ.

“ಇನ್ನ ದಿನಾ ಬರತೀನ್ರಿ” ಎನ್ನುತ್ತಾರೆ ಗುಂಡಮ್ಮ, ಏಳುತ್ತಾ. “ಕೆಲಸ ಅವರದು. ನಮಸ್ಕಾರ ನಂದು.”